ಮಾವನವರು ತಿಂದ ಹೊಲ

ಬೆಳಕು ಹರಿಯುವ ಮುನ್ನ ವೇದಶ್ರೀ ಮುಗಿಸಬೇಕಾದ ಕೆಲಸಗಳು ಇವು. ನಲ್ಲಿಗೆ ನೀರು ಬರುವ ದಿನವಾದರೆ ಮೋಟರು ಹಾಕಿ, ಟಾಕಿ ತುಂಬಿ ಚೆಲ್ಲುವ ಸದ್ದಿಗೆ ಒಂದು ಕಿವಿಯನ್ನು ಮೀಸಲಿಡುವುದು. ಬಾರದ ದಿನವಾದರೆ ಯಾಕೆ ಬರಲಿಲ್ಲ ಎಂದು ಎದ್ದೆದ್ದವರಿಗೆಲ್ಲ ಉತ್ತರ ಹೇಳುವುದು, ಕೃಷ್ಣಾ ನದಿಯನ್ನು ತಾನೇ ತಡೆದು ನಿಲ್ಲಿಸಿದವಳಂತೆ. ಅಂಗಳಕ್ಕೆ ನೀರು ಹೊಡೆದು ರಂಗೋಲಿ. ತನ್ನ ಸ್ನಾನ, ಅವಸರದ್ದು. ಅತ್ತೆ ಜಾನಕಿಬಾಯಿಯ ಸ್ನಾನಕ್ಕೆ ನೀರು ಕಾಯಿಸುವುದು. ಯಾಕೆಂದರೆ ಮಾವ ಶೇಷಗಿರಿರಾಯರ ಹೊಟ್ಟೆಯ ವಾಯುವಿಗೆ ಜೀರಿಗೆ ಕಷಾಯ ಬೇಕು, ಕಷಾಯ ಮಡಿಯಲ್ಲೇ ಆಗಬೇಕು, ಮಡಿಗೆ ಅತ್ತೆ ಮೀಯಬೇಕು. ಒಬ್ಬ ಗಂಡಸಿನ ವಾಯುವಿಗೆ ಇಬ್ಬರು ಹೆಂಗಸರು ನಿದ್ದೆಗೆಡುವ ಈ ವ್ಯವಸ್ಥೆ ಆ ಮನೆಯಲ್ಲಿ ಬಹಳ ವರ್ಷಗಳಿಂದ ಸುಸೂತ್ರವಾಗಿ ನಡೆದಿತ್ತು. ಆಮೇಲೆ ಹಾಲು. ಗಂಡ ವಿಶ್ವೇಶನ ಡಬ್ಬಿಗೆ ಚಪಾತಿ, ಪಲ್ಯ. ಅವನ ಕನ್ನಡಕ ಹುಡುಕುವುದು. ಅದು ಅವನ ದಿಂಬಿನ ಕೆಳಗೇ ಇರುತ್ತದೆ, ಆದರೆ ದಿಂಬು ಎತ್ತುವುದು ಅವನ ಕೆಲಸಗಳಲ್ಲಿ ಬರುವುದಿಲ್ಲ. ಎಲ್ಲ ಆದ ಮೇಲೆ, ಈಚಿನ ಕೆಲವು ದಿನ, ಮಹಡಿ ಹತ್ತಿ ಒಣಗಲು ಹರವಿದ ಮಣ್ಣು ತಿರುವಿ ಹಾಕುವುದು.

ಆ ಮಣ್ಣಿನ ಕೆಲಸವೊಂದೇ ಅವಳ ಸ್ವಂತದ್ದು.

ವೇದಶ್ರೀ ಮಣ್ಣು ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳು. ಹೆಣ್ಣು ನೋಡಲು ಬಂದಾಗಲೇ ಶೇಷಗಿರಿರಾಯರು "ಮಣ್ಣಿನಾಗ ಓದ್ಲಿಕ್ಕೆ ಏನದವಾ?" ಎಂದು ಕೇಳಿದ್ದರು. ಅವಳು ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಲಕ್ಕಿ ಬಂತು. ಅಂದಿನಿಂದ ಆ ಉತ್ತರ ಹಾಗೇ ಉಳಿದಿತ್ತು. ಈಗ ಅವಳು ರಾಯಚೂರಿನ ಒಂದು ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು. ರೈತರು ತಂದ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಅದರ ಹುಳಿಯೆಷ್ಟು, ಉಪ್ಪೆಷ್ಟು, ಸಾರವೆಷ್ಟು ಎಂದು ನೋಡಿ ಚೀಟಿ ಬರೆದು ಕೊಡುವುದು. ಕಾಲೇಜು ಬಿಟ್ಟ ಮೇಲೆ ಮಣ್ಣಿನ ಬಗ್ಗೆ ನಾಲ್ಕು ಮಾತು ಹೇಳು ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಜವಾಹರನಗರದ ಅವರ ಓಣಿಯಲ್ಲಿ ಅವಳು "ಮಣ್ಣಿನ ಆಫೀಸಿಗೆ ಹೋಗಾಕಿ" ಎಂದೇ ಗುರುತು.

ಹೀಗಿರುವಾಗ ಒಂದು ದಿನ ಕೇಂದ್ರದ ಅಧಿಕಾರಿ ಚನ್ನವೀರ ಅವಳನ್ನು ಕರೆದ.

"ಮೇಡಂ, ದೇವದುರ್ಗದಾಗ ಹೊಸ ಕೇಂದ್ರ ಆಗಾಕತ್ತೇತಿ. ಹೆಣ್ಮಕ್ಕಳ ಸಂಘಗಳಿಗೆ ಮಣ್ಣಿನ ಪಾಠ ಹೇಳೋರು ಬೇಕು. ಸೋಮವಾರದಿಂದ ಶುಕ್ರವಾರ ಅಲ್ಲೇ ಇರಬೇಕು, ರೂಮು ಕೊಡ್ತಾರ. ಮೊದಲ ಒಂದು ದಿನ ಹೋಗಿ ಮಾತಾಡಿ ಬರ್ರಿ. ವಿಷಯ ಸರಳ ಐತಿ. ಮಣ್ಣು ವಿಜ್ಞಾನದ ಪರಿಚಯ ಮತ್ತು ಅದರ ಮುಖ್ಯ ಶಾಖೆಗಳು. ಸಂಘದೋರು ಹೂಂ ಅಂದ್ರ ಕೆಲಸ ನಿಮ್ಮದು."

ವೇದಶ್ರೀಯ ಕಣ್ಣ ಮುಂದೆ ಮೊದಲು ಬಂದದ್ದು ಆ ರೂಮು. ಬೇರೆಯವರ ಕನ್ನಡಕ ಇಲ್ಲದ ಒಂದು ಕೋಣೆ. ಆಮೇಲೆ ಬಂದದ್ದು ಹೆಂಗಸರ ಸಾಲು, ಅವರ ಮುಂದೆ ನಿಂತು ತಾನು ಹೇಳುವ ಆ ಹಳೆಯ ಉತ್ತರ. ಅಷ್ಟು ಆಸೆ ಅವಳಿಗೆ ಬೇರೆ ಯಾವುದರ ಮೇಲೂ, ತನ್ನ ಮದುವೆಯ ಮೇಲೂ, ಆಗಿರಲಿಲ್ಲ.

ಮನೆಯಲ್ಲಿ ವಿಷಯ ತಿಳಿಸಿದಾಗ ಯಾರೂ ಬೇಡ ಎನ್ನಲಿಲ್ಲ. ಅದೇ ತೊಂದರೆ. ಬೇಡ ಎಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

"ಹೋಗು" ಎಂದ ವಿಶ್ವೇಶ. "ನಾ ಯಾವಾಗ ಬ್ಯಾಡ ಅಂದೀನಿ? ಡಬ್ಬಿದೊಂದು ಏನು ಮಾಡೋದು ನೋಡು."

"ಹೋಗವಾ" ಎಂದರು ಜಾನಕಿಬಾಯಿ. "ನನ್ನ ಮೊಣಕಾಲು ಒಂದು ಏಳಲಿಕ್ಕೆ ಬಿಡೂದಿಲ್ಲ. ಅದನ್ನ ಬಿಟ್ರ ನನಗೇನದ."

ಶೇಷಗಿರಿರಾಯರು ಮಾತ್ರ "ವಿಚಾರ ಮಾಡಿ ಹೇಳ್ತೀನಿ" ಎಂದರು. ಅವರು ಮಾನ್ವಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಯಾವ ವಿಷಯವನ್ನೇ ಆಗಲಿ ವಿಚಾರಕ್ಕೆ ತೆಗೆದುಕೊಂಡರೆ ಅದು ಇತಿಹಾಸವಾಗುವವರೆಗೆ ಕೈಬಿಡುತ್ತಿರಲಿಲ್ಲ. ಅವರು ಹೂಂ ಎನ್ನದೆ ಆ ಮನೆಯಲ್ಲಿ ಹಪ್ಪಳವೂ ಒಣಗುತ್ತಿರಲಿಲ್ಲ.

ದೇವದುರ್ಗದ ಮಾತಿಗೆ ಐದು ಬಗೆಯ ಮಣ್ಣು ತೋರಿಸಬೇಕಿತ್ತು. ಕೇಂದ್ರದ ಒಣಗಿಸುವ ಕೋಣೆಯಲ್ಲಿ ಮುರಿದ ಕುರ್ಚಿಗಳು ವಾಸವಾಗಿದ್ದವು. ಹಾಗಾಗಿ ವೇದಶ್ರೀ ಮಣ್ಣನ್ನು ಮನೆಗೇ ತಂದಳು: ಕೆಂಪು ಮಸಾರಿ, ಮಾನ್ವಿ ಕಡೆಯ ಗದ್ದೆ ಮಣ್ಣು, ಸಿರವಾರದ ಹತ್ತಿರದ ಸವಳು ಮಣ್ಣು, ಕೃಷ್ಣಾ ದಂಡೆಯ ಮೆಕ್ಕಲು, ಮತ್ತು ದೇವದುರ್ಗದ ಸಂಘದ ಹಂಪಮ್ಮ ತನ್ನ ಹೊಲದಿಂದ ಬಗೆದು ಕಳಿಸಿದ ಕಪ್ಪು ಎರೆ ಮಣ್ಣು. ಪರೀಕ್ಷೆಯ ಮಣ್ಣು ನೆರಳಲ್ಲಿ ಒಣಗಬೇಕು, ಬಿಸಿಲು ತಾಗಬಾರದು. ಅತ್ತೆಯ ಸಂಡಿಗೆಗೆ ಬಿಸಿಲೇ ಬೇಕು. ಮಹಡಿಯನ್ನು ಅತ್ತೆ ಸೊಸೆ ಜಗಳವಿಲ್ಲದೆ ಹಂಚಿಕೊಂಡದ್ದು ಅದೊಂದೇ ಸಲ.

ಒಣಗಿದ ಮಣ್ಣನ್ನು ಅವಳು ಕಟ್ಟಿಗೆಯ ಕುಟ್ಟಣಿಗೆಯಿಂದ ಕುಟ್ಟಿ, ಹಳೆಯ ಸಾಣಿಗೆಯಲ್ಲಿ ಹಿಡಿದು, ನಶ್ಯದಷ್ಟು ನುಣ್ಣಗೆ ಮಾಡಿ, ತನ್ನ ಮದುವೆಗೆ ಬಂದ ಸ್ಟೀಲಿನ ಪುಟ್ಟ ಡಬ್ಬಿಗಳಲ್ಲಿ ತುಂಬಿದಳು. ಹೆಸರು ಅಂಟಿಸಲಿಲ್ಲ. ಬಣ್ಣ ನೋಡಿದರೇ ಅವಳಿಗೆ ಗೊತ್ತಾಗುತ್ತಿತ್ತು. ಡಬ್ಬಿಗಳನ್ನು ಪಡಸಾಲೆಯ ಮೂಲೆಯಲ್ಲಿ ನೆಲದ ಮೇಲಿಟ್ಟು ಆಫೀಸಿಗೆ ಹೋದಳು.

ಜಾನಕಿಬಾಯಿ ಅದನ್ನು ನೋಡಿದರು. ಮಣ್ಣೆಂದರೆ ಭೂದೇವಿ. ಕಾಲು ತಾಗುವ ಕಡೆ ಭೂದೇವಿಯನ್ನು ಇಡುತ್ತಾರೆಯೇ? ಅವರು ಕೆನ್ನೆ ಬಡಿದುಕೊಂಡು ಡಬ್ಬಿಗಳನ್ನು ಎತ್ತಿ ದೇವರ ಮನೆಯ ಗೂಡಿನಲ್ಲಿ ಸಾಲಾಗಿ ಇಟ್ಟರು.

ಆ ಗೂಡಿನಲ್ಲಿ ಮೊದಲೇ ಒಂದು ಡಬ್ಬಿ ಇರುತ್ತಿತ್ತು, ಮೃತ್ತಿಕೆಯದು. ರಾಯರ ಮಠದ ವೃಂದಾವನದಿಂದ ಪ್ರಸಾದವಾಗಿ ತಂದ ಪವಿತ್ರವಾದ ಮಣ್ಣು. ಶೇಷಗಿರಿರಾಯರು ದಿನಾ ಪೂಜೆಯಾದ ಮೇಲೆ ಅದನ್ನು ಒಂದು ಚಿಟಿಕೆ ತೀರ್ಥದಲ್ಲಿ ಕದಡಿ ತೆಗೆದುಕೊಳ್ಳುತ್ತಿದ್ದರು. ಆ ವಾರ ಅದು ಮುಗಿದಿತ್ತು. ಪೂಜೆಗೆ ಕೂತವರು ಕಣ್ಣೆತ್ತಿ ನೋಡುತ್ತಾರೆ, ಗೂಡಿನ ತುಂಬ ಡಬ್ಬಿಗಳು. ಮೊದಲನೆಯದನ್ನು ತೆರೆದರೆ ನುಣುಪಾದ ಕಪ್ಪು ಮಣ್ಣು. "ಇದೆಲ್ಲಿದು?" ಎಂದು ಅಲ್ಲಿಂದಲೇ ಕೂಗಿದರು.

"ವೇದಾ ತಂದಾಳ, ದೇವದುರ್ಗದ ಕಡಿಂದ" ಎಂದು ಅಡುಗೆಮನೆಯಿಂದ ಉತ್ತರ ಬಂತು.

ಸೊಸೆಗೆ ಕೊನೆಗೂ ಭಕ್ತಿ ಬಂತು ಎಂದು ಶೇಷಗಿರಿರಾಯರಿಗೆ ಸಂತೋಷವಾಯಿತು. ದೇವದುರ್ಗದ ಕಡೆ ಯಾವುದೋ ಯತಿಗಳ ವೃಂದಾವನ ಇದ್ದೀತು ಎಂದುಕೊಂಡು, ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು, ಬೆಳ್ಳಿಯ ಪುಟ್ಟ ಚಮಚ ಅದರಲ್ಲಿ ಹಾಕಿ, ಒಂದು ಚಿಟಿಕೆ ತೀರ್ಥಕ್ಕೆ ಬೆರೆಸಿದರು.

ಇದೇನೂ ವೇದಶ್ರೀಗೆ ಗೊತ್ತಿರಲಿಲ್ಲ. ಆ ವಾರ ಅತ್ತೆಗೆ ಸ್ನಾನದ ನೀರು ಬೇಡವಾದದ್ದು ಮೊಣಕಾಲಿನಿಂದ ಎಂದುಕೊಂಡಿದ್ದಳು. ಅವಳಿಗೆ ಗೊತ್ತಾದದ್ದು ದೇವದುರ್ಗಕ್ಕೆ ಹೊರಡುವ ಬೆಳಿಗ್ಗೆ. ಡಬ್ಬಿಗಳನ್ನು ಗೂಡಿನಿಂದ ಇಳಿಸಿ ಚೀಲಕ್ಕೆ ಹಾಕುವಾಗ ಒಂದು ಹಗುರಾಗಿತ್ತು. ತೆರೆದಳು. ಎರೆ ಮಣ್ಣಿನ ಜಾಗದಲ್ಲಿ ಬೆಳ್ಳಿಯ ಚಮಚ ಒಂದೇ ಮಲಗಿತ್ತು.

"ಮಾವನವರ, ಈ ಡಬ್ಬಿಯೊಳಗಿಂದು..."

"ಮೃತ್ತಿಕಾ ಏನು? ಮುಗೀತವಾ" ಎಂದರು ಶೇಷಗಿರಿರಾಯರು, ತೂಗುಮಂಚದಲ್ಲಿ ಹಾಯಾಗಿ ಕೂತು. "ಎಂಥಾ ಮೃತ್ತಿಕಾ ಅದು. ತೊಗೊಳ್ಳಿಕ್ಕೆ ಸುರು ಮಾಡಿದಾಗಿಂದ ಹೊಟ್ಟಿ ಕೆರಿ ನೀರಿನಂಗ ಶಾಂತ ಅದ. ಕಷಾಯನೇ ಬಿಟ್ಟುಬಿಟ್ಟೀನಿ, ನೋಡಿದ್ಯಿಲ್ಲೋ? ನಿನ್ನೆ ಮಾನ್ವಿಯಿಂದ ವಿಬುಧೇಂದ್ರ ಬಂದಿದ್ದ. ಅವಗೂ ಎದಿ ಉರಿ. ಒಂದು ಪೊಟ್ಟಣ ಕಟ್ಟಿ ಕೊಟ್ಟೆ."

ವಿಬುಧೇಂದ್ರ ಎಂದರೆ ಶೇಷಗಿರಿರಾಯರ ಚಿಕ್ಕಪ್ಪನ ಮಗ. ದೊಡ್ಡ ಮನುಷ್ಯ, ಪೊಟ್ಟಣವೂ ದೊಡ್ಡದೇ ಆಗಿದ್ದಿರಬೇಕು.

ವೇದಶ್ರೀ ಬಾಯಿ ತೆರೆದಳು. ಅಷ್ಟರಲ್ಲಿ ಅಡುಗೆಮನೆಯಿಂದ ಜಾನಕಿಬಾಯಿ, ಮೊಣಕಾಲಿನ ನೆನಪೇ ಇಲ್ಲದವರಂತೆ, ಓಡುತ್ತ ಬಂದರು. "ವೇದಾ, ಬಸ್ಸು ತಪ್ಪತದ. ನಡಿ ನಡಿ. ಬಂದು ಮಾತಾಡೀಯಂತ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಭಾಷಣ ನೆನಪಿಸಿಕೊಳ್ಳಲು ನೋಡಿದಳು. ರೊಟ್ಟಿ ತಟ್ಟುವಾಗ ಪೀಠಿಕೆ, ಬಟ್ಟೆ ಹಿಂಡುವಾಗ ಶಾಖೆಗಳು, ಹೀಗೆ ತುಂಡುತುಂಡಾಗಿ ಕಲಿತ ಭಾಷಣ ಅದು. ಈಗ ಒಂದು ತುಂಡೂ ಸಿಗಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ: ಹಂಪಮ್ಮನ ಹೊಲದ ಮೇಲ್ಮಣ್ಣು ದೇವದುರ್ಗದಿಂದ ರಾಯಚೂರಿಗೆ ಬಂದು, ಮಾವನವರ ಹೊಟ್ಟೆಯಲ್ಲಿ ಅರ್ಧ ಇಳಿದು, ಉಳಿದರ್ಧ ಮಾನ್ವಿಗೆ ಹೋಗಿದೆ. ಪುಸ್ತಕದಲ್ಲಿ ಮಣ್ಣಿನ ಸವಕಳಿಗೆ ಗಾಳಿ ಮತ್ತು ನೀರು ಎಂದು ಎರಡೇ ಕಾರಣ ಕೊಟ್ಟಿರುತ್ತಾರೆ. ನೆಂಟರ ಹೆಸರು ಇರುವುದಿಲ್ಲ.

ದೇವದುರ್ಗದ ಸಂಘದ ಕೋಣೆ ತುಂಬಿತ್ತು. ಹಂಪಮ್ಮ ಎಲ್ಲರಿಗಿಂತ ಮುಂದೆ ಕೂತಿದ್ದಳು, ಹೊಸ ಇಳಕಲ್ ಸೀರೆ ಉಟ್ಟು. ತನ್ನ ಹೊಲದ ಮಣ್ಣು ರಾಯಚೂರಿಗೆ ಹೋಗಿ ಓದಿಕೊಂಡು ವಾಪಸು ಬರುತ್ತದೆ ಎಂದು ಊರಿಗೆಲ್ಲ ಹೇಳಿದ್ದಳು. ಚನ್ನವೀರ ಹಿಂದೆ ಒಂದು ಕುರ್ಚಿಯಲ್ಲಿ ಕೂತು, ಮುಖದ ಮೇಲೆ ಅಧಿಕಾರಿಯ ಕಳೆ ಹಚ್ಚಿಕೊಂಡಿದ್ದ. ವೇದಶ್ರೀ ನಾಲ್ಕು ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ತೆರೆದಿಟ್ಟಳು.

ಹಂಪಮ್ಮ ಕತ್ತು ಉದ್ದ ಮಾಡಿ ನೋಡಿದಳು. ಎದ್ದು ಬಂದು ಇನ್ನೊಮ್ಮೆ ನೋಡಿದಳು.

"ಮೇಡಂ, ನಮ್ಮ ಮಣ್ಣೆಲ್ಲೈತಿ?"

ಸುಳ್ಳು ಹೇಳಲು ವೇದಶ್ರೀಗೆ ಬರುತ್ತಿತ್ತು. ಸೊಸೆಯಾಗಿ ಇಷ್ಟು ವರ್ಷ ಸುಮ್ಮನೆ ಕಳೆದಿರಲಿಲ್ಲ. ಆದರೆ ಆ ಹೊತ್ತಿಗೆ ಒಂದೂ ಹೊಳೆಯಲಿಲ್ಲ.

"ಅದು... ನಮ್ಮ ಮಾವನವರು ತಿಂದ್ರು."

ಮೂಲೆಯಲ್ಲಿ ಕೂತಿದ್ದ ಜಂಬಮ್ಮ ಎನ್ನುವ ಮುದುಕಿ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, ಬಹಳ ಕಾಳಜಿಯಿಂದ ಕೇಳಿದಳು:

"ಎಷ್ಟು ತಿಂಗಳರೀ ನಿಮ್ಮ ಮಾವಗ?"

ಆ ಮೇಲೆ ಎದ್ದ ನಗೆಗೆ ಹೊರಗೆ ಕಟ್ಟಿದ್ದ ಎಮ್ಮೆ ಹಗ್ಗ ಜಗ್ಗಿತು. ಬಸುರಿಯಾಗಿದ್ದಾಗ ಮಣ್ಣು ತಿನ್ನುವ ಬಯಕೆ ಅಲ್ಲಿ ಅರ್ಧ ಜನರಿಗೆ ಆಗಿತ್ತು. ಯಾರು ಯಾವ ಗೋಡೆಯನ್ನು ಕೆರೆದು ತಿಂದಿದ್ದರು ಎಂದು ಹೆಸರು ಹಿಡಿದು ಹೇಳತೊಡಗಿದರು. ಬೆಳ್ಳಿಯ ಚಮಚದ, ಒಂದು ವಾರದ ಕತೆಯನ್ನೆಲ್ಲ ವೇದಶ್ರೀಯೂ ಹೇಳಬೇಕಾಯಿತು. ಹಂಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೊಲ ತಿಂದೋರ್ನ ಭಾಳ ಮಂದಿನ್ನ ನೋಡೀನಿ ಯಕ್ಕಾ" ಎಂದಳು. "ನಮ್ಮ ಭಾವನೋರ ಅದಾರ. ಆದ್ರ ಚಮಚದಾಗ ತಿಂದೋರ್ನ ಇವತ್ತ ಕೇಳಿದ್ದು."

ವೇದಶ್ರೀಯೂ ನಕ್ಕಳು. ನಕ್ಕ ಮೇಲೆ ಭಾಷಣ ಬೇಕಾಗಲಿಲ್ಲ.

"ಹಂಪಮ್ಮಾರ, ನಿಮ್ಮ ಎರಿ ಮಣ್ಣು ನೀರು ಕುಡದ್ರ ಏನಾಗ್ತದ?"

"ಉಬ್ಬತೈತಿ."

"ಒಣಗಿದ್ರ?"

"ಕೈ ಹೋಗುವಂಗ ಬಿರುಕು ಬಿಡತೈತಿ. ಬ್ಯಾಸಗ್ಯಾಗ ಮಾವನ್ನ ಜ್ವಾಪಾನ ನೋಡ್ಕೋರಿ."

"ನೋಡ್ಕೋತೀನಿ. ಇದ ಮಣ್ಣಿನ ಭೌತಶಾಸ್ತ್ರ. ಮಣ್ಣಿನ ಕಣ ಸಣ್ಣದೋ ದೊಡ್ಡದೋ, ನೀರು ಹಿಡೀತದೋ ಬಿಡ್ತದೋ, ಗಾಳಿ ಆಡ್ತದೋ ಇಲ್ಲೋ, ಅಷ್ಟ ನೋಡೋದು. ನೀವು ರೊಟ್ಟಿ ಹಿಟ್ಟು ಕಲಸೋವಾಗ ಮುಟ್ಟಿ ನೋಡ್ತೀರಲ್ಲ, ಹಂಗ." ಅವಳು ಗದ್ದೆ ಮಣ್ಣಿಗೆ ನೀರು ಚಿಮುಕಿಸಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಪಟ್ಟಿಯಂತೆ ಉದ್ದಕ್ಕೆ ಒತ್ತಿದಳು. ಅದು ಉದ್ದವಾಗಿ ಬಂತು. ಮಸಾರಿಯನ್ನು ಒತ್ತಿದರೆ ಪುಡಿಪುಡಿಯಾಗಿ ಉದುರಿತು. "ಪಟ್ಟಿ ಉದ್ದ ಬಂದಷ್ಟೂ ಜಿಗಿ ಹೆಚ್ಚು. ಮಸಾರಿಗೆ ಜಿಗಿ ಇಲ್ಲ, ನೀರು ನಿಲ್ಲಂಗಿಲ್ಲ."

"ಶಾಖೆಗಳು, ಮೇಡಂ" ಎಂದು ಹಿಂದಿನಿಂದ ಚನ್ನವೀರ ನೆನಪಿಸಿದ. "ಮೊದಲಿಂದ."

"ಮೊದಲಿಂದ ಅಂದ್ರ ಎರಡು ದೊಡ್ಡ ಟೊಂಗಿ ಅವ. ಒಂದಕ್ಕ ಪೆಡಾಲಜಿ ಅಂತಾರ, ಇನ್ನೊಂದಕ್ಕ ಎಡಫಾಲಜಿ. ಹೆಸರು ಬಿಡ್ರಿ. ಹೆಣ್ಣು ನೋಡ್ಲಿಕ್ಕೆ ಬರ್ತಾರಲ್ಲ? ಬಂದೋರೊಳಗ ಒಬ್ಬರು ಕೇಳ್ತಾರ, ಯಾರ ಮಗಳು, ಯಾವ ಊರು, ಯಾವ ಮನಿತನ. ಮಣ್ಣು ಯಾವ ಕಲ್ಲಿಂದ ಹುಟ್ತು, ಬಿಸಿಲು ಮಳಿ ಅದಕ್ಕ ಏನು ಮಾಡಿದ್ವು, ಎಷ್ಟು ಕಾಲ ಹಿಡೀತು ಅಂತ ಕೇಳೋದು ಪೆಡಾಲಜಿ. ಇನ್ನೊಬ್ಬರು ಅದನ್ನೆಲ್ಲ ಕೇಳಂಗಿಲ್ಲ. ಅಡಿಗಿ ಬರ್ತದೇನವಾ, ಎಷ್ಟು ಮಂದಿಗೆ ಮಾಡ್ತೀ ಅಂತಾರ. ಈ ಮಣ್ಣಿನಾಗ ಏನು ಬೆಳೀತದ, ಬೆಳಿಗೆ ಅದು ಏನು ಕೊಡ್ತದ ಅನ್ನೋದಷ್ಟ ಎಡಫಾಲಜಿ."

"ಅವರು ಅತ್ತಿ" ಎಂದಳು ಜಂಬಮ್ಮ.

"ಹೌದ್ರಿ, ಅವರು ಅತ್ತಿ."

ಚನ್ನವೀರ ಏನೋ ಬರೆದುಕೊಂಡ, ಆಮೇಲೆ ಅಳಿಸಿದ.

ಅವಳು ಸವಳು ಮಣ್ಣಿನ ಡಬ್ಬಿ ಎತ್ತಿ ತೋರಿಸಿದಳು. ಮೇಲೆ ಬಿಳಿಯ ಪುಡಿ ಮಿಂಚುತ್ತಿತ್ತು. ಕಾಲುವೆ ನೀರು ಬೇಕಾದದ್ದಕ್ಕಿಂತ ಹೆಚ್ಚು ಬಿಟ್ಟು, ಅದು ಬಸಿದು ಹೋಗಲು ದಾರಿ ಮಾಡದಿದ್ದರೆ ಒಳಗಿನ ಉಪ್ಪು ಮೇಲೆ ಬರುತ್ತದೆ. ಹುಳಿ, ಉಪ್ಪು, ಕ್ಷಾರ ಇವನ್ನೆಲ್ಲ ನೋಡುವುದು ಮಣ್ಣಿನ ರಸಾಯನಶಾಸ್ತ್ರ ಎಂದಳು. ಗುಂಡಿ ತೋಡಿ ಒಂದರ ಕೆಳಗೊಂದು ಪದರ ನೋಡಿ, ಯಾವ ಹೊಲ ಯಾವ ಜಾತಿಯದು ಎಂದು ನಕ್ಷೆ ಬರೆಯುವುದು ಮಣ್ಣಿನ ಸಮೀಕ್ಷೆ. ಅವರ ಮನೆಯ ಅಟ್ಟದಂತೆ, ಎಂದಳು: ಮೇಲೆ ಈ ವರ್ಷದ ಕೊಡೆ, ಅದರ ಕೆಳಗೆ ಗಂಡನ ಕೇರಂ ಬೋರ್ಡು, ತಳದಲ್ಲಿ ಅತ್ತೆಯ ತವರಿನ ತಾಮ್ರದ ಹಂಡೆ, ಯಾರೂ ಮುಟ್ಟುವಂತಿಲ್ಲ. ಬದು ಹಾಕಿ ಮೇಲ್ಮಣ್ಣು ಕೊಚ್ಚಿ ಹೋಗದಂತೆ ಕಾಯುವುದು ಸಂರಕ್ಷಣೆ.

"ಒಂದು ಬೆರಳು ದಪ್ಪ ಮಣ್ಣು ಆಗ್ಲಿಕ್ಕೆ ನೂರಾರು ವರ್ಷ ಬೇಕು" ಎಂದಳು.

"ತಿನ್ನಾಕ ಒಂದು ವಾರ ಸಾಕು" ಎಂದಳು ಹಂಪಮ್ಮ.

"ಇನ್ನ ಮಣ್ಣಿನ ಸೂಕ್ಷ್ಮಜೀವಿಶಾಸ್ತ್ರ. ಹಾಲಿಗೆ ಹೆಪ್ಪು ಹಾಕ್ತೀರಿ, ಮುಂಜಾನೆ ಮೊಸರಾಗಿರ್ತದ. ಮಾಡಿದೋರು ಯಾರು? ಕಣ್ಣಿಗೆ ಕಾಣಂಗಿಲ್ಲ. ಮಣ್ಣಿನಾಗೂ ಹಂಗ. ಒಂದು ಚಮಚ ಒಳ್ಳೆ ಮಣ್ಣಿನೊಳಗ ಇಡೀ ಭೂಮಿ ಮ್ಯಾಲಿನ ಮನಷ್ಯಾರಿಗಿಂತ ಹೆಚ್ಚು ಜೀವ ಇರ್ತಾವಂತ. ಬಿದ್ದ ಎಲಿ, ದಂಟು, ಸಗಣಿ ಎಲ್ಲಾ ಕೊಳಸಿ ಬೆಳಿಗೆ ಊಟ ಮಾಡಿ ಬಡಸ್ತಾವ."

"ಎಷ್ಟೊತ್ತಿಗೆ ಏಳ್ತಾವ್ರಿ ಅವು?" ಎಂದು ಯಾರೋ ಕೇಳಿದರು.

"ಮಲಗೋದ ಇಲ್ಲ."

"ಹಂಗಾರ ಹೆಣ್ಣ ಇರಬೇಕು."

ಕೊನೆಗೆ ಉಳಿದದ್ದು ಫಲವತ್ತತೆ. ಮಣ್ಣಿನ ಸಾರ ಎಷ್ಟಿದೆ, ಯಾವ ಗೊಬ್ಬರ ಎಷ್ಟು ಕೊಡಬೇಕು ಎಂದು ನೋಡುವ ಶಾಖೆ. ಉದಾಹರಣೆಗೆ ಎಂದು ವೇದಶ್ರೀ ನಗುತ್ತಲೇ ಕೇಳಿದಳು:

"ಹಂಪಮ್ಮಾರ, ಆ ಹೊಲಕ್ಕ ಏನು ಗೊಬ್ಬರ ಹಾಕಿದ್ರಿ?"

"ಗೊಬ್ಬರ ಯಾಕ? ಕುರಿ ತರಬಿಸಿದ್ವಿ. ನಮ್ಮ ಅಂಬರೇಶನ ಹಿಂಡು ದೊಡ್ಡದೈತಿ. ರಾತ್ರೆಲ್ಲ ಹೊಲದಾಗ ಕೂಡಿ ಹಾಕಿದ್ರ ಹಿಕ್ಕಿ, ಉಚ್ಚಿ ಎಲ್ಲಾ ಅಲ್ಲೇ. ನಿಮಗ ಕೊಟ್ಟ ಮಣ್ಣು ಆ ಜಾಗದ್ದ. ಚೊಲೋದಿರಲಿ ಅಂತ."

ವೇದಶ್ರೀಯ ನಗೆ ಅಲ್ಲೇ ನಿಂತಿತು. ಹೊರಗಿನ ನಲ್ಲಿಯ ನೀರನ್ನೂ ಕುಡಿಯದ, ಬೇರೆಯವರ ಮನೆಯ ಬಾಳೆಹಣ್ಣನ್ನೂ ತೊಳೆದು ತಿನ್ನುವ ಶೇಷಗಿರಿರಾಯರು ಅವಳ ಕಣ್ಣ ಮುಂದೆ ಬಂದರು. ಬೆಳ್ಳಿಯ ಚಮಚ ಹಿಡಿದು ಬಂದರು.

ಹಂಪಮ್ಮ ಅವಳ ಮುಖ ನೋಡಿದಳು. "ನಿಮ್ಮ ಮಾವನೋರು ಮಡಿ ಮಂದಿ ಏನ್ರಿ?"

"ಭಾಳ ಮಡಿ."

"ಹಂಗಾರ ಹೇಳಬ್ಯಾಡ್ರಿ" ಎಂದಳು ಹಂಪಮ್ಮ. ಇಡೀ ಸಂಘ ತಲೆಯಾಡಿಸಿ ಅದನ್ನು ಅನುಮೋದಿಸಿತು.

ವೇದಶ್ರೀ ಹೊರಡುವಾಗ ಹಂಪಮ್ಮ ಚನ್ನವೀರನಿಗೆ ಹೇಳಿದಳು, "ಸರ್, ಈ ಯಕ್ಕನ್ನೇ ಕಳಸ್ರಿ. ಮಾವನ ಹೊಟ್ಟಿ ಮುಂದ ಏನಾತು ಅಂತ ನಮಗ ತಿಳೀಬೇಕು." ಚನ್ನವೀರ ವೇದಶ್ರೀಯ ಕಡೆ ತಿರುಗಿ, "ನಾಳೆ ಮುಂಜಾನಿ ಆಫೀಸು ತೆರೆಯೋದ್ರಾಗ ಹೂಂ, ಇಲ್ಲ ಹೇಳಿಬಿಡ್ರಿ ಮೇಡಂ. ಸೋಮವಾರದಿಂದನೇ ಸುರು" ಎಂದ. ಹಂಪಮ್ಮ ಒಂದು ಚೀಲದ ತುಂಬ ಹೊಸ ಎರೆ ಮಣ್ಣು ಕಟ್ಟಿಕೊಟ್ಟಳು. "ಅರ್ಧ ಲ್ಯಾಬಿಗೆ, ಅರ್ಧ ಮಾವಗ."

ಸಂಜೆ ಮನೆಗೆ ಬಂದಾಗ ಶೇಷಗಿರಿರಾಯರು ಬಾಗಿಲಲ್ಲೇ ಕಾಯುತ್ತಿದ್ದರು. ಅವರ ಮುಖದಲ್ಲಿ ವಿಚಾರ ಮುಗಿದವರ ಬೆಳಕಿತ್ತು.

"ವೇದಾ, ವಿಚಾರ ಮಾಡಿದೆ. ಹೋಗು."

ವೇದಶ್ರೀ ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು.

"ವಿಬುಧೇಂದ್ರ ಫೋನ್ ಮಾಡಿದ್ದ. ಎದಿ ಉರಿ ಮಾಯ. ಮಾನ್ವಿಯೊಳಗ ನಾಕು ಮನಿಯವರು ಕೇಳ್ಲಿಕತ್ತಾರಂತ. ನೀ ಅಲ್ಲೇ ಇದ್ರ ಛಲೋನ ಆತು. ಶುಕ್ರವಾರ ಬರೋವಾಗ ಮೃತ್ತಿಕಾ ತೊಗೊಂಡು ಬಾ. ವಿಶ್ವೇಶ ಕ್ಯಾಂಟೀನಿನಾಗ ಉಂಡ್ರ ಸಾಯಂಗಿಲ್ಲ." ಅವರು ಧ್ವನಿ ತಗ್ಗಿಸಿದರು. "ಯಾವ ಯತಿಗಳ ವೃಂದಾವನ ಅದು?"

"ಕೈಕಾಲು ತೊಳ್ಕೊಳ್ಳಲಿ ಅಕಿ" ಎಂದು ಜಾನಕಿಬಾಯಿ ಸೊಸೆಯ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದರು.

ಅಡುಗೆಮನೆಯಲ್ಲಿ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು.

"ನಿಮಗ ಗೊತ್ತಿತ್ತು" ಎಂದಳು ವೇದಶ್ರೀ.

"ಎರಡನೇ ದಿನಕ್ಕ ಗೊತ್ತಾತು. ಚಮಚ ನೋಡಿದೆ."

"ಮತ್ತ ಹೇಳಲಿಲ್ಲ?"

"ಹೇಳ್ಲಿಕ್ಕೆ ಹೋಗಿದ್ದೆ. ಅಷ್ಟರಾಗ ಅವರು, ಇನ್ನ ಕಷಾಯ ಬ್ಯಾಡ, ನೀ ಮಲಕ್ಕೋ ಅಂದ್ರು." ಜಾನಕಿಬಾಯಿ ಸೆರಗು ಸರಿಮಾಡಿಕೊಂಡರು. "ಮದುವ್ಯಾದಾಗಿಂದ ಅವರು ನನಗ ಮಲಕ್ಕೋ ಅಂದದ್ದು ಅದ ಮೊದಲ. ಈ ವಾರ ಬಿಸಿಲು ಬಂದ ಮ್ಯಾಲ ಎದ್ದೀನವಾ. ಹಾಸಿಗಿಯೊಳಗ ಬಿಸಿಲು ಬರ್ತದಂತ ನನಗ ಗೊತ್ತ ಇರಲಿಲ್ಲ."

"ಮಣ್ಣಿಂದ ವಾಯು ಹೋಗಂಗಿಲ್ಲ ಅತ್ತಿಯವರ."

"ಮಣ್ಣಿಂದ ಅಂತ ಯಾರಂದ್ರು? ಮೃತ್ತಿಕಾ ತೊಗೊಳ್ಳೋರು ಸಂಜಿಗೆ ಮಿರ್ಚಿ ಭಜಿ ಮುಟ್ಟಬಾರದು ಅಂತ ತಾವ ನೇಮ ಮಾಡ್ಕೊಂಡಾರ. ವಾಯು ಭಜಿದು." ಅವರ ಕಣ್ಣು ಸೊಸೆಯ ಕೈಲಿದ್ದ ಚೀಲದ ಮೇಲೆ ಬಿತ್ತು. "ತಂದೀಯೇನು? ಡಬ್ಬಿಯೊಳಗ ತುಂಬಿ ಇಡು. ನಿನಗ ದೇವದುರ್ಗ, ನನಗ ನಿದ್ದಿ."

"ಅದರಾಗ ಕುರಿ ಹಿಕ್ಕಿ ಅದ."

ಜಾನಕಿಬಾಯಿ ದೇವರ ಮನೆಯ ಕಡೆ ನೋಡಿದರು. ಆಮೇಲೆ ಕೇಳಿದರು, "ಒಣಗಿರ್ತದಲ್ಲ?"

ಮರುದಿನ ವೇದಶ್ರೀ ಎಂದಿನಂತೆ ಕತ್ತಲಿರುವಾಗಲೇ ಎದ್ದಳು. ಎಚ್ಚರಕ್ಕೆ ರಜೆ ಕೊಡುವುದು ಅವಳಿಗೆ ಗೊತ್ತಿರಲಿಲ್ಲ. ಅಂಗಳ, ರಂಗೋಲಿ, ಸ್ನಾನ ಆದವು. ಅತ್ತೆಗೆ ನೀರು ಕಾಯಿಸಬೇಕಿರಲಿಲ್ಲ. ಒಳಗಿನಿಂದ ಜಾನಕಿಬಾಯಿಯ ಗೊರಕೆ ಕೇಳುತ್ತಿತ್ತು, ಎರೆ ಹೊಲದಂತೆ ಅಗಲವಾದ, ಸೋಂಪಾದ ಗೊರಕೆ. ಮಾವನವರು ಇನ್ನೇನು ಏಳುವ ಹೊತ್ತು.

ಅವಳು ಹಿತ್ತಲಿನ ತುಳಸಿ ಕಟ್ಟೆಯ ಮೇಲೆ ಕೂತಳು. ಒಂದು ಕಡೆ ಖಾಲಿ ಡಬ್ಬಿ, ಇನ್ನೊಂದು ಕಡೆ ಹಂಪಮ್ಮನ ಚೀಲ. ಡಬ್ಬಿ ತುಂಬಿ ಗೂಡಿನಲ್ಲಿಟ್ಟರೆ ಎಲ್ಲರಿಗೂ ಸುಖ. ಮಾವನವರ ಹೂಂ ಹೂಂ ಆಗಿಯೇ ಉಳಿಯುತ್ತದೆ. ಆದರೆ ಆಮೇಲೆ ಪ್ರತಿ ಶುಕ್ರವಾರ ಮಣ್ಣು ತರಬೇಕು. ಕುಟ್ಟಬೇಕು, ಸಾಣಿಸಬೇಕು, ಮಾನ್ವಿಯ ನಾಕು ಮನೆಗೂ ಪೊಟ್ಟಣ ಕಟ್ಟಬೇಕು. ಅಂದರೆ ಬೆಳಗಿನ ಕೆಲಸಗಳ ಪಟ್ಟಿಗೆ ಇನ್ನೊಂದು. ಅದೂ ಕುರಿಯ ಹಿಕ್ಕೆಯದು. ಒಬ್ಬ ಮುದುಕನಿಗೆ ನಂಬಿಕೆಯ ಹೆಸರಲ್ಲಿ ಅದನ್ನು ತಿನ್ನಿಸಿ ದೇವದುರ್ಗದಲ್ಲಿ ನಿಂತು ಮಣ್ಣಿನ ಪಾಠ ಹೇಳುವುದೇ? ಜಂಬಮ್ಮ ಕೇಳಿದರೆ ಏನು ಹೇಳುವುದು?

ಅವಳು ಫೋನು ತೆಗೆದು ಚನ್ನವೀರನಿಗೆ ಬರೆದಳು: "ಬರ್ತೀನಿ ಸರ್. ಸೋಮವಾರ." ಕಳಿಸಿದಳು. ಯಾರನ್ನೂ ಕೇಳಲಿಲ್ಲ. ಕೇಳಲು ಎಲ್ಲರೂ ಮಲಗಿದ್ದರು. ಅದಕ್ಕೆಂದೇ ಅವಳು ಆ ಹೊತ್ತನ್ನು ಆರಿಸಿಕೊಂಡಿದ್ದಳು. ಉತ್ತರ ಹೋದ ಮೇಲೆ ಮಾವನವರ ಹೂಂ ಬೇಕಾಗಿರಲಿಲ್ಲ. ಹೂಂ ಬೇಡವಾದ ಮೇಲೆ ಮಣ್ಣೂ ಬೇಕಾಗಿರಲಿಲ್ಲ.

ಲ್ಯಾಬಿನ ಪಾಲು ಬೇರೆ ಎತ್ತಿಟ್ಟು, ಮಾವನವರ ಪಾಲನ್ನು ತುಳಸಿಯ ಬುಡಕ್ಕೆ ಸುರಿದಳು. ಕುರಿ ತರಬಿದ ಮಣ್ಣನ್ನು ತುಳಸಿ ಬೇಡವೆನ್ನುವುದಿಲ್ಲ.

ಆಮೇಲೆ ಡಬ್ಬಿಯನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಒರೆಸಿ, ಅಡುಗೆಮನೆಗೆ ಹೋಗಿ ಅದರ ತುಂಬ ಜೀರಿಗೆ ತುಂಬಿದಳು. ಬೆಳ್ಳಿಯ ಚಮಚವನ್ನು ಅದರಲ್ಲೇ ನೆಟ್ಟಳು. ಕಷಾಯ ಮಡಿಯಲ್ಲಿ ಆಗಬೇಕಲ್ಲವೇ? ಅತ್ತೆ ಮಲಗಿದ ಮೇಲೆ, ಬೆಳಗಾಗುವ ಮುನ್ನ ಮಿಂದು ಮಡಿ ಉಡುವವರು ಆ ಮನೆಯಲ್ಲಿ ಮಾವನವರೊಬ್ಬರೇ. ಅವರಷ್ಟು ಮಡಿ ಆ ಒಲೆಗೆ ಇಷ್ಟು ವರ್ಷ ಸಿಕ್ಕೇ ಇರಲಿಲ್ಲ. ಅವಳು ಡಬ್ಬಿಯನ್ನು ಒಲೆಯ ಪಕ್ಕ ಇಟ್ಟಳು, ಅದರ ಪಕ್ಕ ಪುಟ್ಟ ಪಾತ್ರೆ, ಪಾತ್ರೆಯ ಪಕ್ಕ ಲೈಟರು.

ಬಚ್ಚಲಿನ ಚಿಲಕ ಸರಿದ ಸದ್ದಾಯಿತು. ವೇದಶ್ರೀ ಸ್ಟೂಲು ಎಳೆದುಕೊಂಡು ಕೂತಳು. ಮಣ್ಣಿನಾಗ ಓದ್ಲಿಕ್ಕೆ ಏನದ ಎಂದು ಮಾವನವರು ಎಂದೋ ಕೇಳಿದ್ದ ಪ್ರಶ್ನೆಗೆ ಉತ್ತರ ಹೇಳಬೇಕಿತ್ತು, ಕುರಿಗಳಿಂದ ಶುರುಮಾಡಿ.